ದೇವಸ್ಥಾನದ ಪಕ್ಕ ನಿಂತವರು ಯಾರು?

ಅರ್ಜಿ ನಮೂನೆಗಳಲ್ಲಿ ‘ತಿಳಿದಿರುವ ಭಾಷೆಗಳು’ ಎಂಬ ತಲೆಬರಹದ ಕೆಳಗೆ ಮೂರು ಮನೆಗಳಿರುತ್ತವೆ: ಓದಲು, ಬರೆಯಲು, ಮಾತನಾಡಲು. ನಾಲ್ಕನೆಯದೊಂದು ಮನೆಯೂ ಇರಬೇಕಿತ್ತು ಎಂಬುದು ನನ್ನ ಬಹುಕಾಲದ ಅಹವಾಲು: ಮರೆಯಲು. ಅದೊಂದಿದ್ದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ಬಹುಭಾಷಾ ಪಂಡಿತರಾಗಿಬಿಡುತ್ತಿದ್ದರು. ನೂರಕ್ಕೆ ನೂರು ಅಂಕದ ಆಸೆಗೆ ಸಂಸ್ಕೃತ ತೆಗೆದುಕೊಂಡು ‘ರಾಮಃ ರಾಮೌ ರಾಮಾಃ’ ಎಂಬಲ್ಲಿಗೆ ಮಂಗಳ ಹಾಡಿದವರು, ಹಿಂದಿಯ ಪರೀಕ್ಷೆಗಳನ್ನು ಒಂದೂ ಬಿಡದೆ ಪಾಸು ಮಾಡಿ ದೆಹಲಿಯ ಆಟೋದವನೆದುರು ಕೈಸನ್ನೆಗೆ ಇಳಿದವರು, ಎಲ್ಲರಿಗೂ ಅಲ್ಲಿ ಜಾಗ ಸಿಗುತ್ತಿತ್ತು. ನನ್ನ ಅರ್ಜಿಯಲ್ಲಿ ಆ ಮನೆ ತುಂಬುವುದು ಜಪಾನಿ. ‘ನಿಮಗೆ ಜಪಾನಿ ಬರುತ್ತಂತೆ?’ ಎಂದು ಯಾರಾದರೂ ಕೇಳಿದರೆ ‘ಬರ್ತಿತ್ತು’ ಎನ್ನುತ್ತೇನೆ. ಬಂದದ್ದು ಯಾವಾಗ ಹೋಯಿತು, ಹೋಗುವಾಗ ಹೇಳಿ ಹೋಯಿತೆ ಎಂದು ಸದ್ಯ ಯಾರೂ ವಿಚಾರಿಸಿಲ್ಲ.

ಹಾಗೆಂದು ನನ್ನ ಬಳಿ ದಾಖಲೆ ಇಲ್ಲವೆಂದಲ್ಲ. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ, ಎಲ್ಲರೂ ಕರೆಯುವಂತೆ ಜೆಎಲ್‌ಪಿಟಿ, 1984ರಲ್ಲಿ ಶುರುವಾದದ್ದು. ನಾನು ಬರೆದ ಕಾಲಕ್ಕೆ ಅದರಲ್ಲಿ ನಾಲ್ಕೇ ಹಂತ: ಯೊನ್‌ಕ್ಯೂ, ಸಾನ್‌ಕ್ಯೂ, ನಿಕ್ಯೂ, ಇಕ್ಕ್ಯೂ. 2010ರಲ್ಲಿ ಅದನ್ನು ಬದಲಾಯಿಸಿ ಎನ್5ರಿಂದ ಎನ್1ರವರೆಗೆ ಐದು ಹಂತ ಮಾಡಿದರು. ಹಳೆಯ ಮೂರಕ್ಕೂ ಎರಡಕ್ಕೂ ನಡುವಿನ ಏರು ವಿಪರೀತವಾಗಿತ್ತು ಎಂದು ಅಲ್ಲಿ ಎನ್3 ಎಂಬುದನ್ನು ಹೊಸದಾಗಿ ತೂರಿಸಿದರು. ಹೀಗಾಗಿ ಕಪಾಟಿನಲ್ಲಿರುವ ನನ್ನ ‘ಸಾನ್‌ಕ್ಯೂ’ ಪ್ರಮಾಣಪತ್ರ ಈಗ ಚಲಾವಣೆ ನಿಂತ ನೋಟು. ಆದರೆ ಈ ಪರೀಕ್ಷೆಯ ನಿಯಮ ಉದಾರವಾದದ್ದು. ಪ್ರಮಾಣಪತ್ರಕ್ಕೆ ಅವಧಿಯೇ ಇಲ್ಲ. ಚಾಲನಾ ಪರವಾನಗಿಗೆ ಉಂಟು, ಗ್ಯಾಸ್ ಪೈಪಿಗೆ ಉಂಟು, ಇದಕ್ಕಿಲ್ಲ. ಕಾಗದದ ಪ್ರಕಾರ ನನಗೆ ಇವತ್ತಿಗೂ ಜಪಾನಿ ಬರುತ್ತದೆ. ಮರೆವು ಹತ್ತಿದ್ದು ನನಗೇ ಹೊರತು ಕಾಗದಕ್ಕಲ್ಲವಲ್ಲ.

ನಾವು ಅದನ್ನು ಕಲಿತದ್ದು ಕಂಪನಿಯ ಖರ್ಚಿನಲ್ಲಿ. ಗ್ರಾಹಕರು ಟೋಕಿಯೊದವರು, ತಂತ್ರಾಂಶ ನಮ್ಮದು, ಅದರಲ್ಲಿನ ಹುಳುಕುಗಳೂ ನಮ್ಮವೇ. ಆದ್ದರಿಂದ ಪಠ್ಯಕ್ರಮದಲ್ಲಿ ಏನೇ ಇರಲಿ, ಮೊದಲು ಗಟ್ಟಿಯಾದದ್ದು ಕ್ಷಮೆ ಕೇಳುವ ಭಾಗ. ‘ಮೋಶಿವಾಕೆ ಗೊಜಾಯಿಮಸೆನ್’ ಎಂಬ ದೀರ್ಘದಂಡ ಕ್ಷಮಾಪಣೆಯನ್ನು ನಮ್ಮ ತಂಡದವರು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದರು. ದಾರಿ ಕೇಳಲು ಬಾರದು, ನೀರು ಕೇಳಲು ತಡವರಿಕೆ, ಕ್ಷಮೆ ಮಾತ್ರ ನಿರರ್ಗಳ. ಆಮೇಲೆ ಗ್ರಾಹಕರು ಬದಲಾದರು, ನನ್ನ ಕೆಲಸ ಬದಲಾಯಿತು, ಪುಸ್ತಕ ಅಟ್ಟ ಸೇರಿತು. ಸ್ವಯಂನಿವೃತ್ತಿಯ ಮೇಲೆ ಬೆಳಗುಗಳು ಉದ್ದವಾದಾಗ ಅದು ಅಟ್ಟದಿಂದ ಇಳಿಯಿತು, ನಾನು ಮತ್ತೆ ತರಗತಿಯ ಮೆಟ್ಟಿಲು ಹತ್ತಿದೆ.

ಹತ್ತಿದ ಮೇಲೆ ಎದ್ದ ಪ್ರಶ್ನೆ, ಯಾವ ಬೆಂಚಿನಲ್ಲಿ ಕೂರುವುದು? ಹೊಸಬರ ಜೊತೆ ಕೂತರೆ ‘ವತಾಶಿ ವ’ (‘ನಾನು’) ಎಂದು ಶುರುಮಾಡುವಾಗ ಆಕಳಿಕೆ ಬರುತ್ತದೆ. ಮುಂದಿನವರ ಜೊತೆ ಕೂತರೆ ಬೆವರು. ಸೆನ್ಸೇ, ಅಂದರೆ ನಮ್ಮ ಟೀಚರ್, ನನ್ನನ್ನು ಪರೀಕ್ಷಿಸಲು ಜಪಾನಿಯಲ್ಲಿ ಏನೋ ಕೇಳಿದರು. ನನ್ನ ಬಾಯಿಂದ ತಾನಾಗಿ ಬಂದದ್ದು ‘ಇತ್ಸುಮೊ ಒಸೆವಾ ನಿ ನತ್ತೆ ಒರಿಮಸು’. ‘ಸದಾ ತಮ್ಮ ಆಶ್ರಯದಲ್ಲಿರುವ’ ಎಂಬರ್ಥದ, ವ್ಯಾಪಾರದ ಪತ್ರಗಳ ಮೊದಲ ಸಾಲು. ಆಕೆ ಕೇಳಿದ್ದು ನಾನು ಬಸ್ಸಿನಲ್ಲಿ ಬಂದೆನೋ ಮೆಟ್ರೋದಲ್ಲೋ ಎಂದು. ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು: ‘ನೀವು ಎನ್5 ಅಲ್ಲ. ಎನ್4 ಅಂತೂ ಅಲ್ಲವೇ ಅಲ್ಲ.’ ಈ ತ್ರಿಶಂಕು ಸ್ಥಿತಿಗೆ ಪರೀಕ್ಷಾ ಮಂಡಳಿ ಇನ್ನೂ ಸಂಖ್ಯೆ ಕೊಟ್ಟಿಲ್ಲ.

ಸಹಪಾಠಿಗಳನ್ನು ನೋಡಿದರೆ ಕಾಲ ಎಷ್ಟು ಸರಿದಿದೆ ಎಂದು ತಿಳಿಯುತ್ತದೆ. ನಮ್ಮ ಕಾಲದಲ್ಲಿ ‘ಯಾಕೆ ಜಪಾನಿ?’ ಎಂದರೆ ಒಂದೇ ಉತ್ತರ, ಮ್ಯಾನೇಜರ್ ಹೇಳಿದ್ದಾರೆ. ಈಗಿನವರಲ್ಲಿ ಅರ್ಧ ಜನ ‘ನರುತೊ’, ‘ಒನ್ ಪೀಸ್’ ಮುಂತಾದ ಅನಿಮೆ, ಅಂದರೆ ಜಪಾನಿ ಕಾರ್ಟೂನು, ನೋಡಿ ಬಂದವರು. ಅವರಿಗೆ ಕಿವಿ ಎಷ್ಟು ಚುರುಕೆಂದರೆ ನಾನು ನಿಘಂಟು ತೆಗೆಯುವಷ್ಟರಲ್ಲಿ ಅರ್ಥ ಹೇಳಿಬಿಡುತ್ತಾರೆ. ಆದರೆ ಭಾಷೆ ಕಲಿತದ್ದು ಕತ್ತಿ ಹಿರಿದ ವೀರರಿಂದ. ತನ್ನನ್ನು ‘ಒರೆ’ ಎಂದೂ ಎದುರಿಗಿರುವವರನ್ನು ‘ಒಮಾಯೆ’ ಎಂದೂ ಕರೆದು, ಹಾಜರಿ ಹೇಳುವಾಗಲೂ ದ್ವಂದ್ವಯುದ್ಧಕ್ಕೆ ಕರೆದ ಧ್ವನಿ. ನಾನೋ ಪೆನ್ಸಿಲ್ ಕಡ ಕೇಳುವಾಗಲೂ ಗ್ರಾಹಕರ ಮುಂದೆ ನಡು ಬಗ್ಗಿಸಿದವನ ಧ್ವನಿ. ಹಾಸನದ ಕಡೆಯ ನರ್ಸ್ ಒಬ್ಬಳಿದ್ದಾಳೆ. ಜಪಾನ್ 2019ರಲ್ಲಿ ತಂದ ‘ನಿರ್ದಿಷ್ಟ ಕೌಶಲ’ ವೀಸಾದಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವುದು ಅವಳ ಗುರಿ. ‘ನೋಯುತ್ತಿದೆಯಾ?’, ‘ನಿಧಾನ ಏಳಿ’ ಎಂಬುವು ಅವಳ ಬಾಯಲ್ಲಿ ಬಲು ಚೆಂದ. ಕಲಿಯುವ ಕಾರಣ ಹೇಳುವ ನನ್ನ ಸರದಿ ಬಂದಾಗ ‘ಸುಮ್ಮನೆ’ ಎಂದೆ. ಇಡೀ ತರಗತಿ ನನ್ನತ್ತ ಕನಿಕರದಿಂದ ನೋಡಿತು. ನರ್ಸ್ ಸ್ವಲ್ಪ ವೃತ್ತಿಪರ ಕುತೂಹಲದಿಂದಲೇ ನೋಡಿದಳು.

ಮರೆವಿನ ಬಗ್ಗೆ ನಾನು ಸ್ವಲ್ಪ ಓದಿದ್ದು ಆ ಕನಿಕರದ ನಂತರ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪುಣ್ಯಾತ್ಮ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮತ್ತೆ ತಾನೇ ಕಲಿತು 1885ರಲ್ಲಿ ಪುಸ್ತಕ ಬರೆದ. ಪೂರ್ತಿ ಮರೆತೆವೆಂದುಕೊಂಡದ್ದನ್ನು ಎರಡನೆಯ ಸಲ ಕಲಿಯಲು ಕಡಿಮೆ ಹೊತ್ತು ಸಾಕು ಎಂದು ಅವನು ತೋರಿಸಿದ. ಅವನದನ್ನು ಉಳಿತಾಯ ಎಂದೇ ಕರೆದ. ಅಮೆರಿಕದ ಹ್ಯಾರಿ ಬಾರಿಕ್ 1984ರಲ್ಲಿ ಇನ್ನೊಂದು ವಿಷಯ ಪ್ರಕಟಿಸಿದ. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತಿದ್ದ ಏಳುನೂರಕ್ಕೂ ಹೆಚ್ಚು ಜನರನ್ನು, ಕೆಲವರನ್ನು ಕಲಿತು ಐವತ್ತು ವರ್ಷವಾದ ಮೇಲೆ, ಪರೀಕ್ಷಿಸಿ ನೋಡಿದ. ಮೊದಲ ಮೂರರಿಂದ ಆರು ವರ್ಷ ಭಾಷೆ ದಡದಡನೆ ಹೋಗುತ್ತದೆ. ಆ ಮೇಲೂ ಉಳಿದದ್ದು ಸುಮಾರು ಮೂವತ್ತು ವರ್ಷ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಓದಿ ಸಮಾಧಾನವಾಯಿತು. ಹೋಗಬೇಕಾದದ್ದೆಲ್ಲ ಎಂದೋ ಹೋಗಿಯಾಗಿದೆ, ಇನ್ನು ನಷ್ಟದ ಭಯವಿಲ್ಲ. ಬಾರಿಕ್ ಹೇಳದೆ ಬಿಟ್ಟದ್ದು ಒಂದೇ. ಉಳಿಯುವುದನ್ನು ಆರಿಸುವ ಹಕ್ಕು ನಮಗಿದ್ದಿದ್ದರೆ ನಾನು ಕ್ಷಮಾಪಣೆ ಬಿಟ್ಟು ಕ್ರಿಯಾಪದ ಇಟ್ಟುಕೊಳ್ಳುತ್ತಿದ್ದೆ.

ಅಟ್ಟದಿಂದ ಇಳಿದ ಪುಸ್ತಕ ‘ಮಿನ್ನ ನೊ ನಿಹೊಂಗೊ’. 1998ರಲ್ಲಿ ಮೊದಲು ಬಂದ ಈ ಪಠ್ಯವನ್ನು ದಾಟದೆ ಜಪಾನಿ ಕಲಿತವರು ನಮ್ಮ ಕಡೆ ವಿರಳ. ಇದರ ನಾಯಕ ಮಿಲ್ಲರ್, ಐಎಂಸಿ ಎಂಬ ಕಂಪನಿಯ ನೌಕರ. ಮೊದಲ ಪಾಠದಲ್ಲಿ ಹೆಸರು ಹೇಳಿ ನಮಸ್ಕರಿಸುತ್ತಾನೆ, ಇಪ್ಪತ್ತೈದನೆಯದರಲ್ಲಿ ವರ್ಗವಾಗಿ ಬೀಳ್ಕೊಡುಗೆ ಪಡೆಯುತ್ತಾನೆ, ಐವತ್ತನೆಯದರಲ್ಲಿ ಭಾಷಣ ಸ್ಪರ್ಧೆ ಗೆದ್ದು ಕೃತಜ್ಞತೆ ಸಲ್ಲಿಸುತ್ತಾನೆ. ಅಷ್ಟರಲ್ಲಿ ನಾನು ಮದುವೆಯಾಗಿ, ಮನೆ ಸಾಲ ತೀರಿಸಿ, ಮಗಳನ್ನು ಓದಿಸಿ, ತಲೆಗೂದಲು ಅರ್ಧ ಕಳೆದುಕೊಂಡೆ. ಅವನಿಗೆ ಒಂದು ಕೂದಲೂ ನೆರೆತಿಲ್ಲ. ಹಳೆಯ ಆವೃತ್ತಿಯ ಎರಡನೇ ಪಾಠದಲ್ಲಿ ದಿನಬಳಕೆಯ ವಸ್ತುಗಳ ಪಟ್ಟಿಯಿದೆ: ಟೆಲಿಫೋನ್ ಕಾರ್ಡು, ಕ್ಯಾಸೆಟ್ಟು, ಟೇಪ್‌ರೆಕಾರ್ಡರು. ‘ಇದು ಟೇಪ್‌ರೆಕಾರ್ಡರ್ ಆಗಿದೆಯೆ? ಹೌದು, ಅದು ಟೇಪ್‌ರೆಕಾರ್ಡರ್ ಆಗಿದೆ’ ಎಂದು ನಾನು ಗಟ್ಟಿಯಾಗಿ ಓದುವಾಗ ಪಕ್ಕದ ಹುಡುಗ ಟೇಪ್‌ರೆಕಾರ್ಡರ್ ಎಂದರೇನೆಂದು ಕೇಳಿದ. ನನಗೆ ಜಪಾನಿ ಪದ ಮರೆತಿರಲಿಲ್ಲ. ವಸ್ತುವೇ ಲೋಕ ಬಿಟ್ಟು ಹೋಗಿತ್ತು.

ಮೊದಲ ಸಲದ ಓದಿನಲ್ಲಿ ನಾವು ಓಡುತ್ತಿದ್ದೆವು. ಡಿಸೆಂಬರಿನ ಮೊದಲ ಭಾನುವಾರ ಪರೀಕ್ಷೆ, ಪಾಸಾದರೆ ಭತ್ಯೆ, ಭತ್ಯೆಯ ಹಿಂದೆ ಟೋಕಿಯೊ ವಿಮಾನ. ಓಡುವವರಿಗೆ ರಸ್ತೆ ಬದಿಯದು ಕಾಣುವುದಿಲ್ಲ. ಈಗ ಓಡಿ ಮುಟ್ಟಬೇಕಾದದ್ದೇನೂ ಇಲ್ಲವಾದ್ದರಿಂದ ಅಕ್ಷರಮಾಲೆಯ ಮುಂದೆಯೇ ನಿಂತುಬಿಟ್ಟೆ. ಜಪಾನಿ ಮಕ್ಕಳು ಅದನ್ನು ಹೀಗೆ ಹೇಳುತ್ತಾರೆ: ಅ ಇ ಉ ಎ ಒ, ಕ ಕಿ ಕು ಕೆ ಕೊ. ಸಾಲುಗಳ ಅನುಕ್ರಮ ಅ, ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ಒಂದನೇ ಕ್ಲಾಸಿನ ಕಾಗುಣಿತವಲ್ಲದೆ ಮತ್ತೇನು? ಮೊದಲು ಸ್ವರ, ಆಮೇಲೆ ಗಂಟಲಿನಿಂದ ತುಟಿಯವರೆಗೆ ಬರುವ ವ್ಯಂಜನ, ಕೊನೆಗೆ ಯ ರ ವ. ಕಾರಣ ನೇರವಾದದ್ದು. ಬೌದ್ಧ ಭಿಕ್ಷುಗಳು ಮಂತ್ರಕ್ಕಾಗಿ ಸಂಸ್ಕೃತವನ್ನು ಸಿದ್ಧಂ ಲಿಪಿಯಲ್ಲಿ ಕಲಿತರು, ಆ ಜೋಡಣೆಯನ್ನೇ ತಮ್ಮ ಅಕ್ಷರಗಳಿಗೂ ತಂದರು. ಕೂಕಾಯ್ ಎಂಬ ಗುರು ಚೀನಾದಿಂದ 806ರಲ್ಲಿ ಮರಳುವಾಗ ಸಿದ್ಧಂ ಗ್ರಂಥಗಳನ್ನು ಹೊತ್ತು ತಂದ. ಅದಕ್ಕೂ ಮೊದಲೇ ಭಾರತದ ಬೋಧಿಸೇನ 736ರಲ್ಲಿ ಜಪಾನಿಗೆ ತಲುಪಿದ್ದ. ನಾರಾದ ತೊಡಾಯಿಜಿಯ ಮಹಾಬುದ್ಧನಿಗೆ 752ರಲ್ಲಿ ಕುಂಚ ಹಿಡಿದು ಕಣ್ಣು ಬರೆದವನು ಅವನೇ.

ಸಾಲಿನಲ್ಲಿ ಒಂದು ಕಡೆ ಮಾತ್ರ ಎಡವಿದ ಹಾಗಾಗುತ್ತದೆ. ನ ಆದ ಮೇಲೆ ಪ ಬರಬೇಕಲ್ಲ, ಹ ಯಾಕೆ ಬಂತು? ಬಂದದ್ದಲ್ಲ, ಅದು ಮೊದಲು ಪ ಆಗಿಯೇ ಇತ್ತು. ಬರಬರುತ್ತಾ ಫ ಆಯಿತು, ಆಮೇಲೆ ಹ. ಹೂವಿಗೆ ಅಲ್ಲಿ ‘ಹನ’ ಎನ್ನುತ್ತಾರೆ. ಪ್ರಾಚೀನ ರೂಪ ‘ಪನ’. ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪೂ ಹೂವಾದ ಕಥೆಯನ್ನು ಪರೀಕ್ಷೆಗೆಂದು ಉರು ಹೊಡೆದ ನಮಗೆ ಇದನ್ನು ವಿವರಿಸಬೇಕಾಗಿಯೇ ಇರಲಿಲ್ಲ. ಇದರಿಂದ ಎರಡೂ ಭಾಷೆ ನೆಂಟರೆಂದು ಹೊರಡಬಾರದು. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನೆಂಟಸ್ತಿಕೆ ಹೂಡಿ ಬಹಳ ಬರೆದರು, ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಎರಡು ಊರಿನವರೂ ತುಟಿ ಮುಚ್ಚುವ ಶ್ರಮ ಉಳಿಸಿದರು, ಅಷ್ಟೇ.

ತುಟಿಯ ಶ್ರಮ ಉಳಿದರೂ ಕಣ್ಣಿನದು ಹೆಚ್ಚಿತು. ಹ ಅಕ್ಷರದ ಬಲ ಮೂಲೆಗೆ ಎರಡು ಸಣ್ಣ ಗೀಟು ಹಾಕಿದರೆ ಬ, ಸಣ್ಣ ಸೊನ್ನೆ ಹಾಕಿದರೆ ಪ. ಇಪ್ಪತ್ತೈದರ ಕಣ್ಣಿಗೆ ಇದು ಏನೂ ಅಲ್ಲ. ಐವತ್ತು ದಾಟಿದ ಕಣ್ಣಿಗೆ ಗೀಟೂ ಸೊನ್ನೆಯೂ ಒಂದೇ ಚುಕ್ಕೆ. ಕಷ್ಟದ ಅಕ್ಷರಗಳ ತಲೆಯ ಮೇಲೆ ಕಲಿಯುವವರ ಅನುಕೂಲಕ್ಕೆಂದು ಸಾಸಿವೆ ಗಾತ್ರದಲ್ಲಿ ಉಚ್ಚಾರ ಅಚ್ಚು ಹಾಕಿರುತ್ತಾರೆ, ಅದಕ್ಕೆ ಫುರಿಗಾನ ಎಂದು ಹೆಸರು. ಇಂಥ ಕಣ್ಣನ್ನು ನಂಬಿ ನಾನು ಬ್ರೆಡ್ಡಿಗೆ ‘ಪನ್’ ಎನ್ನುವ ಬದಲು ‘ಬನ್’ ಎಂದೆ. ಬೇಕರಿಯ ಊರಿನವನಾದ್ದರಿಂದ ಸೆನ್ಸೇ ಮಾಫಿ ಮಾಡಿದರು.

ವ್ಯಾಕರಣದಲ್ಲಿ ಸಿಕ್ಕ ಸುಖ ಇನ್ನೂ ದೊಡ್ಡದು. ಹಿಂದೆ ನಾವು ಎಲ್ಲವನ್ನೂ ಇಂಗ್ಲಿಷ್ ವಿವರಣೆಯ ಮೂಲಕ ಕಲಿತವರು. ‘ತೆ ರೂಪ’ ಎಂಬ ಕ್ರಿಯಾರೂಪಕ್ಕೆ ಅಲ್ಲಿ ಪುಟಗಟ್ಟಲೆ ನಿಯಮ, ಪ್ರಯೋಗಗಳ ಕೋಷ್ಟಕ. ಈಗ ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು ನೋಡಿದರೆ ‘ಶಿತೆ ಮಿರು’ ಎಂದರೆ ಮಾಡಿ ನೋಡು, ‘ಶಿತೆ ಶಿಮಾವು’ ಎಂದರೆ ಮಾಡಿಬಿಡು, ‘ಶಿತೆ ಒಕು’ ಎಂದರೆ ಮಾಡಿಡು. ಕೊನೆಯಲ್ಲಿ ಕ್ರಿಯಾಪದ, ನಾಮಪದದ ಬಾಲಕ್ಕೆ ವಿಭಕ್ತಿ. ಮೈಸೂರಿಗೆ ಹೋಗಲು ಲಂಡನ್ನಿನಲ್ಲಿ ವಿಮಾನ ಬದಲಿಸಿದ್ದೆವು! ಎಣಿಕೆಯೂ ಹಾಗೆಯೇ. ಉದ್ದನೆಯ ವಸ್ತುವಿಗೆ ‘ಹೊನ್’, ತೆಳ್ಳನೆಯದಕ್ಕೆ ‘ಮಾಯ್’, ಸಣ್ಣ ಪ್ರಾಣಿಗೆ ‘ಹಿಕಿ’ ಎಂದು ಬೇರೆ ಬೇರೆ ಲೆಕ್ಕವಿರುವುದನ್ನು ಕೇಳಿ ತರಗತಿ ಗೋಳಾಡುತ್ತದೆ. ಪೆನ್ಸಿಲ್, ಬಾಳೆಹಣ್ಣು, ನದಿ, ಟೆಲಿಫೋನ್ ಕರೆ, ಸಿನಿಮಾ ಎಲ್ಲಕ್ಕೂ ‘ಹೊನ್’. ಕೆಲವು ಸಿನಿಮಾ ನೋಡಿದವರು ಅವು ಉದ್ದನೆಯ ವಸ್ತುವೆಂದು ಕೂಡಲೇ ಒಪ್ಪುತ್ತಾರೆ. ಜನರನ್ನು ಎಣಿಸುವಾಗ ‘ಹಿತೊರಿ, ಫುತಾರಿ’ ಎಂದು ಎರಡರವರೆಗೆ ಬೇರೆ ಪದ, ಆಮೇಲೆ ಅಂಕಿಗೆ ‘ನಿನ್’. ನಾವೂ ಒಬ್ಬರು, ಇಬ್ಬರು, ಮೂವರು ಎಂದು ಠೀವಿಯಿಂದ ಹೊರಟು ಐವರ ಹೊತ್ತಿಗೆ ದಣಿದು ‘ಆರು ಜನ’ ಎನ್ನುವವರೇ ತಾನೆ.

ಇಷ್ಟೆಲ್ಲ ನೆಂಟರ ಮನೆಯ ಸಲಿಗೆ ಕಾಂಜಿಯ, ಅಂದರೆ ಚೀನೀ ಮೂಲದ ಅಕ್ಷರಗಳ, ಬಾಗಿಲಲ್ಲಿ ನಿಲ್ಲುತ್ತದೆ. ದಿನಬಳಕೆಗೆಂದು ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲೇ 2,136 ಅಕ್ಷರ. ಆ ವರ್ಷ ಹೊಸದಾಗಿ ಸೇರಿದವುಗಳಲ್ಲಿ ಖಿನ್ನತೆಯನ್ನು ಸೂಚಿಸುವ ‘ಉತ್ಸು’ ಕೂಡ ಒಂದು. ಅದಕ್ಕೆ 29 ಗೆರೆ. ಖಿನ್ನತೆ ಇಲ್ಲದವರು ಬರೆದು ಮುಗಿಸುವಷ್ಟರಲ್ಲಿ ಪಡೆದುಕೊಳ್ಳಬಹುದು. ನನ್ನ ಸಮಸ್ಯೆ ಅಷ್ಟು ದೊಡ್ಡ ಅಕ್ಷರದ್ದಲ್ಲ, ಒಂದು ಪುಟ್ಟ ದೇವಸ್ಥಾನದ್ದು. ಆರು ಗೆರೆಯ ‘ತೆರಾ’ ಎಂದರೆ ದೇವಸ್ಥಾನ. ಅದರ ಎಡಕ್ಕೆ ಸೂರ್ಯ ನಿಂತರೆ ‘ಕಾಲ’. ಕೈ ಬಂದರೆ ‘ಹಿಡಿ’. ನಡಿಗೆಯ ಚಿಹ್ನೆ ಬಂದರೆ ‘ಕಾಯು’. ಮಾತು ಬಂದು ನಿಂತರೆ ‘ಕವಿತೆ’. ಹಸು ಬಂದರೆ ‘ವಿಶೇಷ’. ಮನುಷ್ಯ ಬಂದರೆ ‘ಸಮುರಾಯಿ’. ಒಂದು ಕಾಲಕ್ಕೆ ಇವರೆಲ್ಲರನ್ನೂ ದೂರದಿಂದಲೇ ಗುರುತಿಸುತ್ತಿದ್ದೆ. ಈಗ ದೇವಸ್ಥಾನ ಚೆನ್ನಾಗಿ ಕಾಣುತ್ತದೆ, ಪಕ್ಕ ನಿಂತವರು ಯಾರೆಂದು ತಿಳಿಯುವುದಿಲ್ಲ. ಅಂದಾಜಿನ ಮೇಲೆ ಓದಿದರೆ ‘ದಯವಿಟ್ಟು ಸ್ವಲ್ಪ ಕಾಯಿರಿ’ ಎಂಬುದು ‘ದಯವಿಟ್ಟು ಸ್ವಲ್ಪ ಸಮುರಾಯಿ’ ಆಗುತ್ತದೆ. ಅನಿಮೆ ಹುಡುಗರು ಇದನ್ನೇ ಸರಿಯೆಂದರು.

ಅಟ್ಟದ ಡಬ್ಬಿಯಲ್ಲಿ ನನ್ನ ಹಳೆಯ ಕಾಂಜಿ ಕಾರ್ಡುಗಳೂ ಸಿಕ್ಕವು. ಆಗ ಕಾರ್ಡು ಕೊಳ್ಳುವ ಕಾಲವಲ್ಲ. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಮೂಲೆಯಲ್ಲಿ ತೂತು ಕೊರೆದು, ದಾರದಲ್ಲಿ ಪೋಣಿಸಿದ್ದು. ಖಾಲಿ ಬದಿಗೆ ಕಾಂಜಿ, ಅಚ್ಚಿನ ಬದಿಯ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಅರ್ಥ. ‘ಹಣ’ದ ಹಿಂದೆ ‘ಉಡುಗೊರೆಗಳನ್ನು ಸ್ವೀಕರಿಸುವುದಿಲ್ಲ’ ಎಂದಿತ್ತು. ‘ಕಾಯು’ ಎಂಬ ಅಕ್ಷರದ ಹಿಂದೆ ಅರಿಶಿನದ ಗುರುತಿನ ಜೊತೆ ‘ತಮ್ಮ ಆಗಮನವನ್ನು ಬಯಸುವ’ ಎಂದು ಅರ್ಧಕ್ಕೆ ನಿಂತಿತ್ತು. ಸೀಸದ ಕಡ್ಡಿಯ ಅರ್ಥಗಳು ಮಸುಕಾಗಿದ್ದವು, ಮದುವೆಗಳೆಲ್ಲ ಸ್ಪಷ್ಟವಾಗಿ ನೆನಪಿಗೆ ಬಂದವು. ಆ ದಿನ ಓದಿದ್ದು ಕಡಿಮೆ, ಹೆಂಡತಿಯ ಜೊತೆ ಕೂತು ಯಾರ ಮಗಳು ಎಲ್ಲಿದ್ದಾಳೆ ಎಂದು ಲೆಕ್ಕ ಹಾಕಿದ್ದೇ ಹೆಚ್ಚು. ಈಗ ಇದೇ ಕೆಲಸವನ್ನು ‘ಅಂಕಿ’ ಎಂಬ ತಂತ್ರಾಂಶ ಮಾಡುತ್ತದೆ. ಕಾರ್ಡನ್ನು ಮರೆಯುವ ಹೊತ್ತಿಗೆ ಸರಿಯಾಗಿ ಎದುರಿಗೆ ತರುತ್ತದೆ. ಮಧ್ಯೆ ಒಂದು ತಿಂಗಳು ಮದುವೆ ಮುಂಜಿ ಎಂದು ಬಿಟ್ಟು ಹೋದರೆ ಅಷ್ಟೂ ಬಾಕಿ ಕೂಡಿಸಿ ಮುಂದಿಡುತ್ತದೆ. ಬಡ್ಡಿ ಹಾಕುವುದಿಲ್ಲ ಎಂಬುದೊಂದೇ ಸಮಾಧಾನ. ಮಗಳು ಫೋನಿಗೆ ಹಾಕಿಕೊಟ್ಟಿರುವ ಇನ್ನೊಂದರಲ್ಲಿ ಹಸಿರು ಗೂಬೆಯೊಂದು ರಾತ್ರಿ ಒಂಬತ್ತಕ್ಕೆ ಪಾಠ ಕೇಳುತ್ತದೆ. ನಮ್ಮ ಕಾಲದಲ್ಲಿ ಮೇಷ್ಟರು ನಮ್ಮನ್ನು ಗೂಬೆ ಎನ್ನುತ್ತಿದ್ದರು, ಈಗ ಗೂಬೆಯೇ ಮೇಷ್ಟರು.

ಕಾಂಜಿ ಮರೆತೆ ಎಂದು ಕೊರಗುವವರಿಗೆ ಜಪಾನಿನಲ್ಲೇ ಸಮಾಧಾನವುಂಟು. ತೊಶಿಬಾ ಕಂಪನಿ 1979ರಲ್ಲಿ ಮೊದಲ ಜಪಾನಿ ವರ್ಡ್ ಪ್ರೊಸೆಸರ್ ಮಾರಾಟಕ್ಕಿಟ್ಟಿತು. ತೂಕ 220 ಕಿಲೋ, ಬೆಲೆ 63 ಲಕ್ಷ ಯೆನ್. ಉಚ್ಚಾರ ಒತ್ತಿದರೆ ಕಾಂಜಿ ತಾನೇ ಬರುತ್ತದೆ. ಆ ಯಂತ್ರ ಕರಗಿ ಕರಗಿ ಜೇಬಿನ ಫೋನಿಗೆ ಇಳಿದಿದೆ. ಅಲ್ಲಿಂದೀಚೆಗೆ ಓದಬಲ್ಲೆ, ಕೈಯಲ್ಲಿ ಬರೆಯಲಾರೆ ಎಂಬುದು ಅಲ್ಲಿನ ಪದವೀಧರರ ಮಾಮೂಲಿ ದೂರು. ಒಂದು ಇಡೀ ರಾಷ್ಟ್ರದ ಜೊತೆ ಮರೆಯುವುದರಲ್ಲಿ ಒಂದು ಮರ್ಯಾದೆ ಇದೆ.

ಜಪಾನಿಯರೆದುರು ಬಾಯಿ ಬಿಟ್ಟರೆ ಸಿಗುವ ಹೊಗಳಿಕೆಯನ್ನು ಮಾತ್ರ ನಂಬಬಾರದು. ‘ಕೊನ್ನಿಚಿವಾ’ ಎಂದರೂ ಸಾಕು, ‘ನಿಮ್ಮ ಜಪಾನಿ ಎಷ್ಟು ಚೆನ್ನಾಗಿದೆ’ ಎನ್ನುತ್ತಾರೆ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದ ಉತ್ತರದವನಿಗೆ ನಾವು ‘ಅಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರ’ ಎಂದು ಕರಗುವುದಿಲ್ಲವೆ, ಅದೇ ಧಾಟಿ. ಹೊಗಳಿಕೆ ನಿಂತು ‘ಆ ಪದ ಇಲ್ಲಿ ಸಲ್ಲದು’ ಎಂದು ಜಗಳಕ್ಕೆ ಬಂದರೆ ಆಗ ಭಾಷೆ ಬಂದಿದೆ ಎಂದರ್ಥ. ನನಗೆ ಇನ್ನೂ ಹೊಗಳಿಕೆಯೇ ಸಿಗುತ್ತಿದೆ.

ಮತ್ತೆ ಪರೀಕ್ಷೆಗೆ ಕಟ್ಟಬೇಕೆಂದು ತರಗತಿಯ ಒತ್ತಾಯ. ಬೆಂಗಳೂರಲ್ಲೇ ಕೇಂದ್ರವಿದೆ, ಬರೆಯುವುದೂ ಮಾತಾಡುವುದೂ ಇಲ್ಲ, ನಾಲ್ಕರಲ್ಲಿ ಒಂದಕ್ಕೆ ಪೆನ್ಸಿಲ್ಲಿನಿಂದ ಕಪ್ಪು ಹಾಕಿದರಾಯಿತು. ಕಟ್ಟಿದ್ದೇನೆ. ಆದರೆ ನರ್ಸ್ ಹುಡುಗಿ ಪಾಸಾಗಬೇಕು, ನಾನು ಆಗದಿದ್ದರೂ ಯಾವ ಆಸ್ಪತ್ರೆಯೂ ನಿಲ್ಲುವುದಿಲ್ಲ. ನನ್ನ ದೌರ್ಬಲ್ಯ ಆಲಿಸುವ ಭಾಗ, ಅದನ್ನು ಒಂದೇ ಸಲ ಕೇಳಿಸುತ್ತಾರೆ. ಮೊನ್ನೆಯ ಅಭ್ಯಾಸದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಅಂಗಡಿಯಲ್ಲಿ ಕೊಡೆ ಆರಿಸುತ್ತಿದ್ದರು. ದೊಡ್ಡ ಹೂವಿನದು ಚೆನ್ನಾಗಿದೆ ಎಂದಳು. ಅವನು ‘ಚೊತ್ತೊ...’ (‘ಸ್ವಲ್ಪ...’) ಎಂದು ರಾಗ ಎಳೆದ. ಹಾಗಾದರೆ ಸಣ್ಣ ಹೂವಿನದು ಎಂದಳು. ಅದು ದುಬಾರಿ ಎಂದ. ಹಿಂದಿನ ಸಲವಾಗಿದ್ದರೆ ‘ಸಣ್ಣ ಹೂವು’ ಎಂಬಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಈ ಸಲ ಇವನು ಅವಳಿಗೆ ಗಂಡನೋ, ಆಫೀಸಿನವನೋ, ಅವಳ ಕೊಡೆಗೆ ಇವನದೇನು ತಕರಾರು ಎಂದು ಯೋಚಿಸುತ್ತಾ ಕೂತೆ. ಅಷ್ಟರಲ್ಲಿ ಮೂರು ಪ್ರಶ್ನೆ ಮುಂದೆ ಹೋಗಿದ್ದವು. ಅಂಕ ಹೋದರೆ ಹೋಗಲಿ. ದುಡ್ಡು ಅವಳದೇ ಆಗಿದ್ದರೆ ದೊಡ್ಡ ಹೂವಿನದನ್ನೇ ಕೊಳ್ಳಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಜಪಾನಿಯಲ್ಲಿ ಹೇಳುವಷ್ಟು ಕಲಿತೇ ಬಿಡುವವನಿದ್ದೇನೆ.